ನೀನು ತೆರೆಯದ ಪುಟಗಳು

ಮಂಗಳವಾರ, ಹದಿನೇಳನೇ ತಾರೀಖು
ಗ್ರಂಥಾಲಯ, ಮಧ್ಯಾಹ್ನದ ಬಿಡುವು

ಮುದ್ದಿನ ಚೂಟಿ,

ನಿನ್ನ ಕಾಗದ ಶನಿವಾರ ಕೈಸೇರಿತು. ನಿನ್ನ ಕೈಬರಹ ನೋಡಿ ಎಷ್ಟು ವರ್ಷವಾಗಿತ್ತೋ. ಕೊಂಬು ಎಳೆಯುವಾಗ ಈಗಲೂ ಪಕ್ಕದ ಅಕ್ಷರದ ಮೈಮೇಲೆ ಹೋಗುತ್ತೀಯ. ಮೇಲ್ ಬೇಡ, ಫೋನೂ ಬೇಡ, ಕಾಗದದಲ್ಲೇ ಬರೆದು ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನ ವಿಳಾಸಕ್ಕೆ ಹಾಕು ಎಂದು ಕೇಳಿದ್ದೀಯ. ಹಾಗೆಯೇ ಮಾಡುತ್ತಿದ್ದೇನೆ.

ನೀನು ಮನೆ ಬಿಟ್ಟು ಹತ್ತು ದಿನದ ಮೇಲಾಯಿತೆಂದೂ, ಲ್ಯಾಬಿನ ಗೆಳತಿಯ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೀಯೆಂದೂ ಆ ಕಾಗದದಿಂದಲೇ ಗೊತ್ತಾಯಿತು. ಹೋದ ವಾರ ಫೋನಿನಲ್ಲಿ ನೀನು, ಎಲ್ಲ ಚೆನ್ನಾಗಿದೆ, ಹಲ್ಲಿನ ಸೆಟ್ಟುಗಳ ಕೆಲಸ ಜಾಸ್ತಿ ಬಂದಿದೆ ಅಷ್ಟೆ, ಎಂದಿದ್ದೆ. ನಾನೂ ಹೂಂ ಎಂದಿದ್ದೆ. ಮನೆ ಬಿಟ್ಟದ್ದೊಂದು ಮಾತ್ರ ನನಗೆ ತಿಳಿದಿರಲಿಲ್ಲ.

ಅಳಿಯಂದಿರು ನಿನ್ನ ಕಂಪ್ಯೂಟರಿನೊಳಗೆ ಏನೋ ಸೇರಿಸಿ, ನೀನು ಬ್ರೌಸರಿನಲ್ಲಿ ನೋಡುವುದನ್ನೆಲ್ಲ ನೋಡುತ್ತಿದ್ದಾರೆ, ಅದೇನೆಂದು ಹುಡುಕಿ ಹೇಳು ಎಂದಿದ್ದೀಯ. ಅದಕ್ಕೆ ನಾಲ್ಕು ಗುರುತು ಕೊಟ್ಟಿದ್ದೀಯ. ಗ್ರಂಥಾಲಯದ ಈ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಜನರ ಬ್ರೌಸರ್ ರಗಳೆ ಬಿಡಿಸುತ್ತ ಕೂತಿದ್ದೇನಲ್ಲ, ಬರುವವರೆಲ್ಲ ಮೊದಲು ಹೇಳುವ ಮಾತು ಇದೇ. ಯಾರೋ ಏನೋ ಮಾಡಿದ್ದಾರೆ. ಇಲ್ಲಿಗೆ ದಿನಾ ಬರುವ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದಾರೆ. ತೆರೆದ ಪುಟ ಪರದೆಯಿಂದ ಕೆಳಗೆ ಇಳಿದರೆ ಸಾಕು, "ಮೇಡಂ, ನನ್ನ ಪುಟ ಯಾರೋ ಎತ್ತಿಕೊಂಡು ಹೋದ್ರು!" ಎಂದು ಇಡೀ ಗ್ರಂಥಾಲಯಕ್ಕೆ ಕೇಳುವ ಹಾಗೆ ಕೂಗುತ್ತಾರೆ. ನೂರಕ್ಕೆ ತೊಂಬತ್ತು ಸಲ ಯಾರೂ ಏನೂ ಮಾಡಿರುವುದಿಲ್ಲ.

ನಿನ್ನ ಮೊದಲಿನ ಮೂರು ಗುರುತೂ ಆ ತೊಂಬತ್ತಕ್ಕೆ ಸೇರಿದವು.

ಪುಟ ತೆರೆಯುವ ಮುಂಚೆ ಗಿರಗಿರನೆ ತಿರುಗುತ್ತಲೇ ಇರುತ್ತದೆ, ನಡುವೆ ಯಾರೋ ನಿಂತು ಓದಿ ಆಮೇಲೆ ನನಗೆ ಬಿಡುವ ಹಾಗಿದೆ ಎಂದಿದ್ದೀಯ. ಯಾರೂ ನಿಂತಿಲ್ಲ ಮಗಳೇ. ನೀನು ನಲವತ್ತಮೂರು ಟ್ಯಾಬ್ ತೆರೆದಿಟ್ಟಿದ್ದೀಯ. ಚಿಕ್ಕಂದಿನಲ್ಲಿ ಎಲ್ಲ ಪೆನ್ಸಿಲ್‌ಗಳನ್ನೂ ಒಟ್ಟಿಗೆ ಹರಡಿಕೊಂಡು ಕೂರುತ್ತಿದ್ದ ಹಾಗೆ. ಬೇಡದ್ದನ್ನು ಮುಚ್ಚು, ಬ್ರೌಸರನ್ನು ಪೂರ್ತಿ ನಿಲ್ಲಿಸಿ ಮತ್ತೆ ತೆರೆ. ಆಮೇಲೂ ಎಳೆದಾಡಿದರೆ ಇನ್‌ಕಾಗ್ನಿಟೊ ಎನ್ನುವ ಖಾಸಗಿ ಕಿಟಕಿಯಲ್ಲಿ ಅದೇ ಪುಟ ತೆರೆದು ನೋಡು. ಅಲ್ಲಿ ಸರಾಗ ಬಂದರೆ ತಪ್ಪು ನೀನು ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಶನ್‌ನದು. ಒಂದೊಂದಾಗಿ ಆಫ್ ಮಾಡುತ್ತ ಬಾ, ಕಳ್ಳ ಸಿಗುತ್ತದೆ.

ಪರದೆಯ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಎಂದು ಹಾರಿ ಬರುವ ಚೀಟಿಗಳೂ ಅಳಿಯಂದಿರ ಕೆಲಸವಲ್ಲ. ಯಾವುದೋ ಸೈಟು ನೋಟಿಫಿಕೇಶನ್ ಕಳಿಸಲೇ ಎಂದು ಕೇಳಿದಾಗ ಅವಸರದಲ್ಲಿ ಸರಿ ಎಂದು ಒತ್ತಿದ್ದೀಯ. ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಎಂಬಲ್ಲಿ ಹೋಗಿ, ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕು. ಅವುಗಳನ್ನು ಮಾತ್ರ ಒತ್ತಿ ಓದಲು ಹೋಗಬೇಡ.

ಕೋಣೆ ಬಾಡಿಗೆಯ ಸೈಟು ನಿನ್ನನ್ನು ಪದೇ ಪದೇ ಹೊರಗೆ ಹಾಕಿ ಪಾಸ್‌ವರ್ಡ್ ಕೇಳುತ್ತದಲ್ಲ, ಅದು ಆ ಸೈಟು ನಿನ್ನ ಬ್ರೌಸರಿನಲ್ಲಿ ಬಿಟ್ಟುಹೋದ ಗುರುತು ಹಳತಾಗಿ ಕೆಟ್ಟಿದ್ದರಿಂದ. ಕುಕ್ಕಿ ಎನ್ನುತ್ತಾರೆ. ವಿಳಾಸದ ಎಡಗಡೆಯ ಗುರುತನ್ನು ಒತ್ತಿ ಆ ಒಂದು ಸೈಟಿನದನ್ನು ಅಳಿಸಿ ಮತ್ತೆ ಒಳಗೆ ಹೋಗು. ಎಲ್ಲವನ್ನೂ ಒಟ್ಟಿಗೆ ಗುಡಿಸಿಹಾಕಬೇಡ. ಹಿಸ್ಟರಿಯನ್ನಂತೂ ಮುಟ್ಟಲೇಬೇಡ. ಅದು ನಿನಗೆ ಬೇಕಾಗುತ್ತದೆ.

ಇಷ್ಟು ಬರೆದು, ಎದ್ದು ಹೋಗಿ ಪ್ರಿಂಟರಿಗೆ ಹಾಳೆ ತುಂಬಿಸಿ ಬಂದೆ. ಯಾರೂ ತುಂಬಿಸು ಎಂದಿರಲಿಲ್ಲ.

ನಾಲ್ಕನೆಯದು ನೀನು ತೆರೆಯದ ಪುಟಗಳು. ಹಿಸ್ಟರಿಯಲ್ಲಿ, ನೀನು ನೋಡಿಯೇ ಇರದವು ಕಾಣುತ್ತಿವೆ ಎಂದಿದ್ದೀಯ. ಕಿಟಕಿಯ ಮೇಲೆ ಪಾರಿವಾಳ ಗೂಡು ಕಟ್ಟಿದರೆ ಏನು ಮಾಡುವುದು. ಕತ್ತರಿಯ ತುಕ್ಕು ತೆಗೆಯುವುದು. ಮೆಟ್ಟಿಲು ಇಳಿಯುವಾಗ ಮಾತ್ರ ಬರುವ ಮಂಡಿ ನೋವು. ಅಳಿಯಂದಿರೇ ಕೂತು ನೋಡಿರಬೇಕು, ಆದರೆ ಅವರಿಗೆ ಪಾರಿವಾಳದ ಉಸಾಬರಿ ಯಾಕೆ ಎಂದು ನೀನೇ ಕೇಳಿದ್ದೀಯ.

ಆ ಪಾರಿವಾಳ ನನ್ನದು. ಕತ್ತರಿ ನನ್ನದು. ಮಂಡಿಯೂ ನನ್ನದೇ.

ಎರಡು ವರ್ಷದ ಹಿಂದೆ ನೀನು ಇಲ್ಲಿಗೆ ಬಂದಿದ್ದಾಗ ವಾಪಸು ಹೋಗುವ ಟಿಕೆಟ್ ಮುದ್ರಿಸಲು ನನ್ನ ಲ್ಯಾಪ್‌ಟಾಪ್ ತೆರೆದು, ಬ್ರೌಸರಿನಲ್ಲಿ ನಿನ್ನ ಖಾತೆಗೆ ಲಾಗಿನ್ ಆದೆ. ಎರಡೂ ಕಡೆ ಒಂದೇ ರೀತಿ ಕಾಣುವ ಹಾಗೆ ಜೋಡಿಸಲೇ ಎಂದು ಅದು ಕೇಳಿತು. ನೀನು ಚಪ್ಪಲಿ ಹಾಕಿಕೊಳ್ಳುತ್ತಲೇ ಸರಿ ಎಂದು ಒತ್ತಿದೆ. ಸಿಂಕ್ ಎಂದರೆ ಅದೇ. ಅಂದಿನಿಂದ ನೀನು ನೋಡಿದ್ದು ನನ್ನ ಪರದೆಯಲ್ಲಿ, ನಾನು ನೋಡಿದ್ದು ನಿನ್ನ ಪರದೆಯಲ್ಲಿ. ಟ್ಯಾಬು ನಲವತ್ತಮೂರು ಎಂದು ನನಗೆ ಹೇಗೆ ಗೊತ್ತು ಎಂದು ನೀನು ಆಗಲೇ ಕೇಳಿಕೊಂಡಿರಬೇಕು.

ಮಾರನೆಯ ದಿನವೇ ನನಗೆ ಗೊತ್ತಾಯಿತು. ಎದ್ದು ಹೋಗುವ ಮುಂಚೆ ಲಾಗೌಟ್ ಮಾಡಿ ಎಂದು ಒಂಬತ್ತು ಕಂಪ್ಯೂಟರಿನ ಮೇಲೂ ಚೀಟಿ ಅಂಟಿಸಿದವಳು ನಾನು. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಅವತ್ತು ನೀನು, ಬಿಳಿ ಅಂಗಿಗೆ ಅಂಟಿದ ಮೇಣ ತೆಗೆಯುವುದು ಹೇಗೆ ಎಂದು ನೋಡಿದ್ದೆ. ಒಂದು ಹಳೆಯ ಹಾಡಿನ ಸಾಲು ಹುಡುಕಿದ್ದೆ. ನೀನು ಪಕ್ಕದ ಕೋಣೆಯಲ್ಲೇ ಓಡಾಡುತ್ತಿರುವ ಹಾಗೆ ಅನಿಸಿತು. ಬೆಳಿಗ್ಗೆ ಚಹಾ ಕುಡಿಯುತ್ತ ನಿನ್ನ ಹಿಸ್ಟರಿ ಓದುವುದು ಅಭ್ಯಾಸವಾಯಿತು. ಕದ್ದು ನೋಡುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅನಿಸುತ್ತಿತ್ತು.

ಏಳು ವಾರದ ಹಿಂದೆ ನೀನು ಕೋಣೆ ಹುಡುಕಲು ಶುರುಮಾಡಿದೆ. ಒಂದೇ ಕೋಣೆ, ಪ್ರತ್ಯೇಕ ಬಾಗಿಲು. ಗಂಡನ ಸಹಿ ಇಲ್ಲದೆ ಬಾಡಿಗೆ ಕರಾರು ಆಗುತ್ತದೆಯೇ. ಸಾಮಾನು ಸಾಗಿಸುವ ಸಣ್ಣ ಗಾಡಿ. ದಿನಕ್ಕೆ ನಾಲ್ಕು ಸಲ ಇವೇ. ಫೋನ್ ಮಾಡಿದರೆ ನೀನು ನಗುನಗುತ್ತ ಮಾತಾಡುತ್ತಿದ್ದೆ. ನನಗೆ ಅನ್ನ ಸೇರುತ್ತಿರಲಿಲ್ಲ. ಮಗಳು ಗಂಡನನ್ನು ಬಿಟ್ಟು ಹೊರಟಿದ್ದಾಳೆ, ನನಗೂ ಹೇಳುತ್ತಿಲ್ಲ ಎಂದು ತೀರ್ಮಾನ ಮಾಡಿಬಿಟ್ಟೆ. ನಿನ್ನನ್ನೇ ಕೇಳಬಹುದಿತ್ತು. ಕೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಿದ್ದೆ. ಅದಕ್ಕೇ ಅಳಿಯಂದಿರಿಗೆ ಫೋನ್ ಮಾಡಿದೆ.

"ಅವಳು ಒಬ್ಬಳೇ ಇರೋಕೆ ಕೋಣೆ ಹುಡುಕ್ತಿದ್ದಾಳೆ. ನಿಮ್ಮಿಬ್ಬರ ಮಧ್ಯೆ ಏನಾಗಿದೆ?" ಎಂದೆ. ಅವರು, "ಏನೂ ಆಗಿಲ್ಲ ಅತ್ತೆ. ಆಗಿದೆ ಅಂತ ನನಗೆ ಗೊತ್ತಿಲ್ಲ," ಎಂದರು. "ನಾನು ಹೇಳಿದೆ ಅಂತ ಮಾತ್ರ ಅವಳಿಗೆ ಹೇಳ್ಬೇಡಿ," ಎಂದೆ. ಆಗಲಿ ಎಂದರು.

ಆಮೇಲಿನದು ನಿನ್ನ ಕಾಗದದಲ್ಲಿದೆ. ಅಡುಗೆಮನೆಯಲ್ಲಿ ಅವರು, "ನೀನು ಏನು ಹುಡುಕ್ತಿದ್ದೀಯ ಅಂತ ನನಗೆ ಗೊತ್ತು," ಎಂದರು. ಹೇಗೆ ಗೊತ್ತು ಎಂದು ನೀನು ಕೇಳಿದೆ. ಅವರು ಬಾಯಿ ಬಿಡಲಿಲ್ಲ. ನನ್ನ ಕಂಪ್ಯೂಟರ್ ನೋಡಿದಿರಾ ಎಂದೆ. ಇಲ್ಲ ಎಂದರು. ಮತ್ತೆ ಹೇಗೆ ಎಂದೆ. ತಲೆ ತಗ್ಗಿಸಿ ನಿಂತರು. ನನ್ನ ಬೆನ್ನ ಹಿಂದೆ ಇಣುಕುವವರ ಜೊತೆ ಇರಲಾರೆ ಎಂದು ನೀನು ಚೀಲ ಎತ್ತಿಕೊಂಡು ಹೊರಟೆ. ಅವರು ಇಣುಕಿರಲಿಲ್ಲ, ಚೂಟಿ. ಇಣುಕಿದವಳು ನಾನು. ಅವರು ನನಗೆ ಕೊಟ್ಟ ಮಾತಿಗೆ ನಿಂತರು.

ಅದಕ್ಕಿಂತ ನೋವಾದದ್ದು ಕಾಗದದ ಕೊನೆಯ ಪುಟ ಓದಿ. ಆ ಕೋಣೆ ನಿನ್ನ ಸ್ವಂತ ವರ್ಕ್‌ಶಾಪಿಗೆ. ಹಲ್ಲಿನ ಸೆಟ್ಟುಗಳನ್ನು ಇನ್ನೊಬ್ಬರ ಲ್ಯಾಬಿನಲ್ಲಿ ಮಾಡಿದ್ದು ಸಾಕು, ನನ್ನದೇ ಮೇಜು ಹಾಕುತ್ತೇನೆ, ಎಲ್ಲ ಗಟ್ಟಿಯಾದ ಮೇಲೆ ಅವರನ್ನು ಕರೆದುಕೊಂಡು ಹೋಗಿ ತೋರಿಸೋಣ ಎಂದಿದ್ದೆ, ಅಷ್ಟರಲ್ಲಿ ಹೀಗಾಯಿತು ಎಂದು ಬರೆದಿದ್ದೀಯ. ಪ್ರತ್ಯೇಕ ಬಾಗಿಲು ಗಿರಾಕಿಗಳಿಗೆ. ಗಾಡಿ ಮೇಜು ಸಾಗಿಸುವುದಕ್ಕೆ. ಹಿಸ್ಟರಿಯಲ್ಲಿ ಪುಟದ ಹೆಸರಿರುತ್ತದೆ, ಗಂಟೆ ನಿಮಿಷ ಇರುತ್ತದೆ. ಯಾತಕ್ಕೆ ಎನ್ನುವುದು ಇರುವುದಿಲ್ಲ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತವಳಿಗೆ ಅದು ತಿಳಿದಿರಬೇಕಿತ್ತು.

ನಿನ್ನೆ ಮಧ್ಯಾಹ್ನ ಅಳಿಯಂದಿರಿಗೆ ಫೋನ್ ಮಾಡಿದೆ. ಯಾವುದೋ ಕಟ್ಟಡಕ್ಕೆ ರಿಪೇರಿಗೆ ಹೋಗಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಹಗ್ಗಕ್ಕೆ ಎಣ್ಣೆ ಹಾಕುತ್ತಿದ್ದರಂತೆ. ಇಳಿದು ಬಂದು ಅವರೇ ತಿರುಗಿ ಮಾಡಿದರು. ಎಲ್ಲವನ್ನೂ ಅವಳಿಗೆ ಬರೆಯುತ್ತೇನೆ, ನನ್ನಿಂದ ತಪ್ಪಾಯಿತು ಎಂದೆ. "ನೀವು ಹೇಳ್ಬೇಡಿ ಅಂದ್ರಿ, ನಾನು ಹೇಳ್ಲಿಲ್ಲ ಅತ್ತೆ. ಆದ್ರೆ ನಾನು ನೋಡಿಲ್ಲ ಅಂದಿದ್ದನ್ನ ಅವಳು ನಂಬ್ಲಿಲ್ಲ ನೋಡಿ, ಅದೇ ಬೇಜಾರು," ಎಂದರು. ಆಮೇಲೆ, "ನಾನೂ ಅವಳನ್ನ ನೆಟ್ಟಗೆ ಕೇಳ್ಲಿಲ್ಲ. ಗೊತ್ತು ಅಂತ ಹೆದರಿಸೋ ಹಾಗೆ ಹೇಳ್ಬಿಟ್ಟೆ," ಎಂದರು. ಕೋಣೆ ಯಾತಕ್ಕೆ ಎಂದು ನಾನು ಬಾಯಿಬಿಡಲಿಲ್ಲ. ಅದು ನೀನು ಹೇಳಬೇಕಾದದ್ದು. ಹೇಳುವುದೋ ಬಿಡುವುದೋ ನಿನ್ನಿಷ್ಟ.

ಇದಕ್ಕೆ ಮುಂಚೆ ಇನ್ನೊಂದು ಕಾಗದ ಬರೆದಿದ್ದೆ. ಅದರಲ್ಲಿ ಮೊದಲಿನ ಮೂರು ರಗಳೆಗೆ ಉಪಾಯ ಹೇಳಿ, ನಾಲ್ಕನೆಯದು ಬ್ರೌಸರಿನ ಹುಚ್ಚಾಟ, ತಲೆ ಕೆಡಿಸಿಕೊಳ್ಳಬೇಡ ಎಂದು ಮುಗಿಸಿದ್ದೆ. ಇಲ್ಲಿಂದಲೇ ಲಾಗೌಟ್ ಆಗಿಬಿಟ್ಟಿದ್ದರೆ ನಿನಗೆ ಎಂದೂ ತಿಳಿಯುತ್ತಿರಲಿಲ್ಲ. ಅದನ್ನು ಹರಿದುಹಾಕಿದೆ.

ಲಾಗೌಟ್ ಮಾತ್ರ ಈಗಲೂ ಆಗಿಲ್ಲ, ಬೇಕೆಂದೇ. ನಾನು ಹೊರಬಂದರೆ ನಿನಗೆ ಸಾಕ್ಷಿ ಉಳಿಯುವುದಿಲ್ಲ. ಅಳಿಯನನ್ನು ಉಳಿಸಲು ಅಮ್ಮ ಕಥೆ ಕಟ್ಟುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಆದ್ದರಿಂದ ನೀನೇ ನೋಡು. ನಿನ್ನ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗು. ನಿನ್ನ ಸಾಧನಗಳು ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ನಿನ್ನ ಕಂಪ್ಯೂಟರ್, ನಿನ್ನ ಫೋನು, ಇನ್ನೊಂದು ಹಳೆಯ ಲ್ಯಾಪ್‌ಟಾಪ್ ಕಾಣುತ್ತದೆ. ಪಕ್ಕದಲ್ಲಿ ಊರಿನ ಹೆಸರೂ ಇರುತ್ತದೆ, ಅದು ನಮ್ಮೂರು. ಅಳಿಯಂದಿರದು ಎನ್ನುವಂಥ ಯಾವುದೂ ಅಲ್ಲಿರುವುದಿಲ್ಲ. ನೋಡಿದ ಮೇಲೆ ಆ ಲ್ಯಾಪ್‌ಟಾಪನ್ನು ತೆಗೆದುಹಾಕು. ಪಾಸ್‌ವರ್ಡ್ ಬದಲಾಯಿಸು. ಹೊಸದು ನನ್ನ ಹುಟ್ಟಿದ ದಿನ ಆಗಿರಬಾರದು.

ಅಲ್ಲಿಯವರೆಗೆ ನಾನು ನೋಡದಿರಲೆಂದು, ನಿನ್ನ ಕಾಗದ ಓದಿದ ಕೂಡಲೇ ಶನಿವಾರವೇ ಲ್ಯಾಪ್‌ಟಾಪನ್ನು ಪಕ್ಕದ ಮನೆಯ ಟೀಚರ್ ಕೈಗೆ ಕೊಟ್ಟು ಬೀರುವಿನಲ್ಲಿ ಇಡಿ ಎಂದಿದ್ದೇನೆ.

ನನ್ನ ಮೇಲೆ ನಿನಗೆ ಸಿಟ್ಟು ಬರಬೇಕು. ಬರಲಿ. ಎಷ್ಟು ದಿನ ಬೇಕೋ ಅಷ್ಟು ದಿನ ಮಾತು ಬಿಡು. ಆ ಸಿಟ್ಟನ್ನು ಅಳಿಯಂದಿರ ಮೇಲೆ ಮಾತ್ರ ತೀರಿಸಬೇಡ. ಇನ್ನು ಮೇಲೆ ಏನಾದರೂ ತಿಳಿಯಬೇಕೆನಿಸಿದರೆ ಫೋನ್ ಮಾಡಿ ಕೇಳುತ್ತೇನೆ. ನೀನು ಎಲ್ಲ ಚೆನ್ನಾಗಿದೆ ಎಂದರೆ, ಚೆನ್ನಾಗಿದೆ ಎಂದೇ ತಿಳಿಯುತ್ತೇನೆ. ಅಭ್ಯಾಸವಾಗುವವರೆಗೆ ಕಷ್ಟವಾಗುತ್ತದೆ, ಆದರೆ ಮಾಡುತ್ತೇನೆ.

ಪೋಸ್ಟ್‌ಮ್ಯಾನ್ ಬಂದು ಕೂತಾಗಿದೆ. ಇನ್ನು ಎರಡು ನಿಮಿಷಕ್ಕೆ ಅವರ ಪುಟ ಯಾರೋ ಎತ್ತಿಕೊಂಡು ಹೋಗುತ್ತಾರೆ.

ತಲೆ ಎತ್ತಿ ನಿನ್ನ ಮುಖ ನೋಡಲು ಈಗ ಸಂಕೋಚಪಡುವ,
ನಿನ್ನ ಅಮ್ಮ

ಮರೆತ ಮಾತು: ಲ್ಯಾಪ್‌ಟಾಪ್ ಶನಿವಾರ ಕೊಟ್ಟೆ ಎಂದು ಬರೆದದ್ದು ಸುಳ್ಳು. ಸೋಮವಾರ ಬೆಳಿಗ್ಗೆ ಕೊಟ್ಟೆ. ಭಾನುವಾರ ತಡೆಯಲಾಗದೆ ಒಂದು ಸಲ ತೆರೆದೆ. ಜೊತೆಗೆ ತಂದ ಆ ಕಂಪ್ಯೂಟರನ್ನು ಇನ್ನು ಮುಟ್ಟುವುದಿಲ್ಲ ಎಂದು ಕಾಗದದಲ್ಲಿ ಬರೆದಿದ್ದವಳು ನೀನು ಅವತ್ತು ಬೆಳಿಗ್ಗೆ ಒಂಬತ್ತು ಗಂಟೆಗೆ ಅದನ್ನು ತೆರೆದಿದ್ದೆ. "ಲಿಫ್ಟ್ ರಿಪೇರಿ ವೇಳೆ ಬಿದ್ದ ಮೆಕ್ಯಾನಿಕ್" ಎಂದು ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಹುಡುಕಿದ್ದೀಯ. ಯಾವ ಆಸ್ಪತ್ರೆ ಎಂದು ಮೂರು ಸಲ. ಗಾಯಗೊಂಡವರ ವಯಸ್ಸು ಐವತ್ತೆರಡು ಎಂದು ಬಂದ ಪುಟದ ಮೇಲೆ ಹುಡುಕಾಟ ನಿಂತಿದೆ. ಯಾತಕ್ಕೆ ಹುಡುಕಿದೆ ಎಂದು ನಾನು ಊಹಿಸಲು ಹೋಗುವುದಿಲ್ಲ. ಅಳಿಯಂದಿರಿಗೂ ಹೇಳಿಲ್ಲ.