ಮಂಗಳಾರತಿಯ ಹೊತ್ತು

14 ನವೆಂಬರ್ 2025, ಶುಕ್ರವಾರ
ಚಳ್ಳಕೆರೆ

‘ಕಣ್ಣು ಮುಚ್ಚಿದವರಿಗೇ ಒಳಗಿನ ನೆಲ ಕಾಣುವುದು’ ಎಂದೇನೋ ಒಂದು ಸಾಲಿತ್ತು, ಎಲ್ಲಿ ಓದಿದ್ದೆನೋ. ನಿಜವೇ? ಕಣ್ಣು ಮುಚ್ಚಿದರೆ ನನಗೆ ಹೊರಗಿನ ನೆಲವೇ ಇಲ್ಲವಾಗುತ್ತದೆ. ಎಚ್‌ಐವಿ ನರಗಳಿಗೂ ಇಳಿದಿದೆ. ಪಾದಗಳು ಸುದ್ದಿ ಕೊಡುವುದನ್ನು ಬಿಟ್ಟಿವೆ, ಅವುಗಳ ಕೆಲಸವನ್ನೂ ಕಣ್ಣುಗಳೇ ಮಾಡುತ್ತಿವೆ ಎಂದು ಡಾಕ್ಟರು ಹೇಳಿದ್ದರು.

ಸಂಜೆ ಮಾರಮ್ಮನ ಗುಡಿಯಲ್ಲಿ ಅದನ್ನು ಮರೆತೆ. ಮಂಗಳಾರತಿಗೆ ಕೈಮುಗಿದು ಕಣ್ಣು ಮುಚ್ಚಿದ್ದೇ ತಡ, ಮೈ ತೂಗಾಡಿತು. ‘ಅಮ್ಮ ಬಂದ್ಲು, ಅಮ್ಮ ಬಂದ್ಲು!’ ಎಂದು ಹೆಂಗಸರು ಕೂಗಿದರು. ಯಾರೋ ಹಣೆಗೆ ಅರಿಶಿನದ ಭಂಡಾರ ಬಳಿದರು. ಪಕ್ಕದ ಮನೆಯ ಸೂರಮ್ಮ, ನನಗಿಂತ ಎಷ್ಟೋ ಹಿರಿಯಳು, ನನ್ನ ಕಾಲಿಗೆ ಬಿದ್ದು, ‘ನನ್ ಮೊಮ್ಮಗಳಿಗೆ ಗಂಡು ಯಾವಾಗ ಸಿಗ್ತೈತೆ ಹೇಳು ತಾಯಿ’ ಎಂದಳು.

ಇದು ಕಾಯಿಲೆಯ ತೂಗಾಟ ಎಂದು ನಾನು ತಿದ್ದಲಿಲ್ಲ. ಹಿತವಾಗಿತ್ತು, ಅದೇ ಈಗ ಚುಚ್ಚುತ್ತಿದೆ. ದೇವರು ಬರುವವಳು ಎನ್ನಿಸಿಕೊಂಡರೆ ನನ್ನ ತೂರಾಟಕ್ಕೆ ಇನ್ನು ಯಾರೂ ಕಾರಣ ಕೇಳುವುದಿಲ್ಲ.

ಬೇಡ. ಗೋಡೆಗೆ ಒರಗುತ್ತೇನೆ, ಕೋಲು ಊರುತ್ತೇನೆ, ಡಾಕ್ಟರು ಕಲಿಸಿದ ವ್ಯಾಯಾಮ ಬಿಡುವುದಿಲ್ಲ. ಆದರೆ ಸುಳ್ಳಿಗೆ ಒರಗಿ ನಿಲ್ಲಲಾರೆ.

ಊಟದ ಹೊತ್ತಿಗೆ ಸೂರಮ್ಮ ತೆಂಗಿನಕಾಯಿ ಹಿಡಿದು ಬಂದಳು. ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ, ಕಾಯಿಲೆಯ ಹೆಸರನ್ನೂ. ಅವಳು ನನ್ನ ಪಾದಗಳನ್ನು ನೋಡಿದಳು. ಆಮೇಲೆ ಕಾಯಿಯನ್ನು ಸೆರಗಿಗೆ ಸುತ್ತಿಕೊಂಡು,

‘ಹಂಗಾರೆ ಇದನ್ನ ನಾನೇ ಚಟ್ನಿ ಅರೀತೀನಿ. ಬರೋ ಶುಕ್ರವಾರ ನನ್ ಪಕ್ಕದಾಗೆ ನಿಂತ್ಕ. ರೆಟ್ಟೆ ನಾನ್ ಹಿಡ್ಕಂತೀನಿ, ನೀನು ಕಣ್ ಮುಚ್ಚು.’