ಕಲ್ಲಿನಲ್ಲಿ ದೇಜುವಿನ ಹೆಸರು

ನಗೋಯಾ
೧೧ ಜುಲೈ ೨೦೨೧

ಪ್ರೀತಿಯ ತಮ್ಮ ಜಯಂತನಿಗೆ ವಾರಿಜಕ್ಕನ ಆಶೀರ್ವಾದಗಳು.

ನೀನು ಹೇಗಿದ್ದೀಯ? ನಿರುಪಮಾಳಿಗೆ ಜ್ವರ ಬಿಟ್ಟ ಮೇಲೆ ಬಾಯಿರುಚಿ ಮರಳಿತೇ? ಮೆಟ್ಟಿಲು ಹತ್ತಿದರೆ ಏದುಸಿರು ಎಂದಿದ್ದಳು. ಗಂಜಿಯ ಜೊತೆ ದಿನಕ್ಕೊಂದು ಮೊಟ್ಟೆ ತಿನ್ನಲಿ. ಬಾವಿಯ ನೀರನ್ನು ನೀನೇ ಸೇದು, ಹೆಂಡತಿಗೆ ನೀರು ಸೇದಿದರೆ ಗಂಡಸಿನ ಕೈ ಸವೆಯುವುದಿಲ್ಲ. ಮಗ ಅಶ್ವತ್ಥನಿಗೆ ಕೊರೋನಾದ ಎರಡನೆಯ ಸೂಜಿ ಸಿಕ್ಕಿತೇ? ಇಲ್ಲಿ ಮಗಳು ಯಾಮಿನಿ, ಅಳಿಯ ಶ್ರೀನಾಥ, ಮೊಮ್ಮಗಳು ಲಾಸ್ಯಾ ಮೂವರೂ ಸೌಖ್ಯ. ಮೂರು ತಿಂಗಳಿಗೆಂದು ಬಂದ ನಾನು ಹದಿನೇಳನೆಯ ತಿಂಗಳಲ್ಲಿದ್ದೇನೆ. ಬಾಗಿಲಾಚೆ ಹೋಗುವುದೆಂದರೆ ಮೂಲೆಯ ಕೊಂಬಿನಿ ಅಂಗಡಿಯವರೆಗೆ, ಅದೂ ಮಾಸ್ಕ್ ಕಟ್ಟಿಕೊಂಡು. ಮೊಣಕಾಲು ನೋಯುತ್ತದೆ. ತಲೆ ಮಾತ್ರ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ಅಕ್ಕನಿಗೆ ಅರಳುಮರಳು ಎಂದು ನೀನು ತಳ್ಳಿಹಾಕಬಾರದಲ್ಲ.

ನೀನು ಕಳಿಸಿದ ಒಪ್ಪಿಗೆ ಪತ್ರ ಬಂತು. ಕುಟುಂಬದ ಮನೆ ದುರಸ್ತಿಯಾಗುತ್ತಿರುವುದು ಸಂತೋಷ. ಚಾವಡಿಯ ಗೋಡೆಗೆ ವಂಶವೃಕ್ಷ ಕೆತ್ತಿದ ಕಪ್ಪು ಕಲ್ಲು ಕೂರಿಸುವುದೂ ಸಂತೋಷವೇ. ಆದರೆ ನೀನು ಕಳಿಸಿದ ನಕ್ಷೆಯಲ್ಲಿ ನಮ್ಮ ಅಜ್ಜಿ ಸೇಸಮ್ಮ ಲಿಂಗಮ್ಮನ ಮಗಳಾಗಿದ್ದಾಳೆ. ಅಜ್ಜಿಯನ್ನು ಹೆತ್ತವಳು ಲಿಂಗಮ್ಮನ ತಂಗಿ ದೇಜು. ದೇಜುವಿನ ಹೆಸರು ಇಡೀ ಹಾಳೆಯಲ್ಲಿ ಎಲ್ಲೂ ಇಲ್ಲ. ಕೆಳಗೆ "ಕುಟುಂಬದ ಹಿರಿಯ ಹೆಣ್ಣು" ಎಂದು ಬರೆದು, ನನ್ನ ರುಜುವಿಗೆ ಜಾಗ ಬಿಟ್ಟಿದ್ದೀಯ.

ನಾನು ರುಜು ಹಾಕುವುದಿಲ್ಲ, ಜಯಂತ.

ಕೋಪದಲ್ಲಿ ಬರೆದದ್ದಲ್ಲ. ಒಂದು ವಾರ ಸುಮ್ಮನಿದ್ದು, ಅನ್ನ ಸಾರು ಉಂಡು, ನಿದ್ದೆ ಮಾಡಿ, ಆಮೇಲೆ ಬರೆದದ್ದು.

ನಿನಗೆ ನೆನಪಿರಬೇಕು. ಮದುವೆ ಮನೆಗಳಿಗೆ ಹೊರಡುವ ಮುಂಚೆ ಅಮ್ಮ ತೆಂಗಿನೆಣ್ಣೆಗೆ ದೀಪದ ಮಸಿ ಕಲಸಿ ನನ್ನ ತಲೆಗೆ ತಿಕ್ಕುತ್ತಿದ್ದಳು. ನನ್ನದು ಜೋಳದ ನಾರಿನಂಥ ಕೂದಲು, ಅಜ್ಜಿಯದೂ ಹಾಗೆಯೇ. ಊರಿನವರು ಅವಳನ್ನು ಕೆಂಚಮ್ಮ ಎಂದೇ ಕರೆಯುತ್ತಿದ್ದರು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ, "ಹಂಚಿನ ದೊರೆಯ ಮಕ್ಕಳಿಗೆ ಎಲೆ ಬೇಡ, ಬಸಿ ಕೊಡಿ ಮಾರಾಯ್ರೆ" ಎಂದು ನಗಾಡಿದಾಗ, ಏಳು ವರ್ಷದ ನೀನು ಎಲೆಯನ್ನೇ ಮಡಚಿ ಅವರ ಮುಖಕ್ಕೆ ಎಸೆದಿದ್ದೆ. ಅಮ್ಮ ನಿನಗೆ ಹೊಡೆದಳು. ನಾನು ಮಾತ್ರ ಅಂದಿನಿಂದ ನಿನ್ನನ್ನು ಮನಸ್ಸಿನಲ್ಲಿ ಬಹಳ ಎತ್ತರದಲ್ಲಿ ಇಟ್ಟುಕೊಂಡಿದ್ದೆ. ಆ ಹುಡುಗ ಈಗ ನಕ್ಷೆ ಹಿಡಿದು ತಾನೇ ಮಸಿ ಬಳಿಯುತ್ತಿದ್ದಾನಲ್ಲ, ಅದೇ ನನಗೆ ಸಂಕಟ.

ಇದೆಲ್ಲ ಈಗ ಯಾಕೆ ಎಂದರೆ ಲಾಸ್ಯಾಳಿಂದ. ಏಪ್ರಿಲ್‌ನಲ್ಲಿ ಅವಳು ಇಲ್ಲಿಯ ಮಿಡಲ್ ಸ್ಕೂಲಿಗೆ ಸೇರಿದಳು. ಅಲ್ಲಿ ಮಕ್ಕಳ ತಲೆ ಕಪ್ಪಾಗಿರಬೇಕು, ಬಣ್ಣ ಹಾಕಬಾರದು. ಹುಟ್ಟಿನಿಂದಲೇ ಕಂದು ಕೂದಲಿದ್ದರೆ ತಂದೆತಾಯಿ ಬರೆದು, ಮೊಹರು ಒತ್ತಿ, ಚಿಕ್ಕಂದಿನ ಫೋಟೊ ಅಂಟಿಸಿ ಕೊಡಬೇಕು. ಟೀಚರಮ್ಮ ಒಳ್ಳೆಯವರೇ. ಆ ಕಾಗದ ಕೊಡುವಾಗ ಹತ್ತು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ಬಗ್ಗಿದರಂತೆ. ಬಗ್ಗಿದರೂ ಕಾಗದ ಕೇಳಿದ್ದು ಕೇಳಿದ್ದೇ.

ಶ್ರೀನಾಥ ಪೆನ್ನು ಹಿಡಿದು ಕುಳಿತ. "ಬಿಸಿಲಿಗೆ ಹಿಂಗಾಗಿದೆ ಅಂತ ಬರೆದ್ರೆ ಸಾಕು ಬಿಡಿ ಅತ್ತೆ" ಎಂದ.

ಲಾಸ್ಯಾ ಒಪ್ಪಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ ಕೊಡುವ ಹುಡುಗಿ, ಅವತ್ತು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು: "ಅಜ್ಜಿ, ಇದು ಯಾರ ಕೂದಲು?"

ಎಪ್ಪತ್ತಮೂರು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ನೇರವಾಗಿ ಕೇಳಿರಲಿಲ್ಲ. ನಾನು ಹೇಳಿದೆ. ಎಮಿಲ್ ಹಾರ್ಟ್‌ಮನ್ ಎಂಬ ಜರ್ಮನಿಯವನು ಹಂಚು ಸುಡುವ ಕೆಲಸಕ್ಕೆ ಮಂಗಳೂರಿಗೆ ಬಂದು, ಹೊಳೆಬದಿಯಲ್ಲಿ ಸ್ವಂತ ಗೂಡು ಹಾಕಿ ನಮ್ಮ ದೇಜುವಿನ ಜೊತೆ ಬಾಳಿದ್ದು. ಅವರಿಬ್ಬರಿಗೆ ಸೇಸಮ್ಮ ಹುಟ್ಟಿದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅವನನ್ನು ಶತ್ರು ದೇಶದವನೆಂದು ಹಿಡಿದೊಯ್ದದ್ದು. ಅವನು ತಿರುಗಿ ಬಾರದೇ ಹೋದದ್ದು. ಯಾಮಿನಿ ಬಾಯಿ ತೆರೆದುಕೊಂಡು ಕೂತಿದ್ದಳು, ಹೆತ್ತ ಮಗಳಿಗೂ ನಾನು ಹೇಳಿರಲಿಲ್ಲ ನೋಡು. ಶ್ರೀನಾಥ ಮಾತ್ರ, "ಹಂಗಾದ್ರೆ ಅತ್ತೆ, ಜರ್ಮನ್ ಪಾಸ್‌ಪೋರ್ಟಿಗೆ ಒಂದು ಅರ್ಜಿ ಹಾಕೋಣ್ವಾ?" ಎಂದು ಯಾಮಿನಿಯಿಂದ ಬೈಸಿಕೊಂಡ. ಕೊನೆಗೆ ಕಾಗದದಲ್ಲಿ ಲಾಸ್ಯಾಳೇ ಜಪಾನಿಯಲ್ಲಿ ಬರೆದಳು: ತಾಯಿಯ ಕಡೆಯಿಂದ ಬಂದ ಬಣ್ಣ. ಅವಳ ಅಪ್ಪ ಮೊಹರು ಒತ್ತಿದ.

ನಾನು ಹೇಳಿದ್ದೇನೋ ಹೇಳಿದೆ. ಆದರೆ ಗುರುತು ಪರಿಚಯವಿಲ್ಲದ ಶಾಲೆಗೆ ಮಗು ನಿಜ ಬರೆದುಕೊಟ್ಟ ಮೇಲೆ, ನನ್ನ ಕೈಯಲ್ಲಿ ಇರುವುದು ಬರೀ ಪಂಕ್ತಿಯ ಹಾಸ್ಯದ ಮಾತುಗಳೇ ಎಂದು ನಾಚಿಕೆಯಾಯಿತು. ಜನವರಿಯಲ್ಲಿ ರೋಗ ಸ್ವಲ್ಪ ಇಳಿದಿದ್ದಾಗ ನಮ್ಮ ಗ್ರಾಮದ ಹಳೆಯ ಭೂದಾಖಲೆಗಳನ್ನು ಅಶ್ವತ್ಥ ಮೊಬೈಲಿನಲ್ಲಿ ಹಿಡಿದಿದ್ದನಲ್ಲ, ನಿನ್ನ ತೋಟದ ಗಡಿಯ ಕೆಲಸಕ್ಕೆಂದು? ಅವುಗಳನ್ನೇ ತರಿಸಿಕೊಂಡೆ. ನಾಲ್ಕುನೂರಕ್ಕೂ ಹೆಚ್ಚು ಪಟಗಳು. ನೀನು ಫೋನಿನಲ್ಲಿ, "ನಿನಗೆ ಬೇರೆ ಎಂತ ಕೆಲಸ ಇಲ್ವಾ ಮಾರಾಯ್ತಿ? ಸತ್ತವರನ್ನು ಯಾಕೆ ಕೆದಕುದು?" ಎಂದೆ. ಕೆಲಸ ಇಲ್ಲ ತಮ್ಮಾ, ಬಾಗಿಲು ಹಾಕಿದ ಊರಿನಲ್ಲಿ ಮುದುಕಿಗೆ ಎಂತ ಕೆಲಸ? ಬೀಡಿ ಕಟ್ಟುತ್ತ ಎದುರಿಗಿಟ್ಟ ಪೇಪರ್ ಓದಿ ಅಕ್ಷರ ಗಟ್ಟಿ ಮಾಡಿಕೊಂಡವಳು ನಾನು. ಶಾನುಭೋಗರ ಮೋಡಿ ಬರಹ ನನ್ನನ್ನು ಹೆದರಿಸಲಿಲ್ಲ. ಯಾಮಿನಿಯ ಟೀವಿ ಪರದೆಯ ಮೇಲೆ ಪಟ ದೊಡ್ಡದು ಮಾಡಿ, ಒಂದೊಂದೇ ಸಾಲು ಓದಿದೆ.

ಎರಡು ತಿಂಗಳು ಏನೂ ಸಿಗಲಿಲ್ಲ. ಯಾಕೆ ಗೊತ್ತೇ? ದೊರೆ ಹೋಗುವಾಗ ಇಟ್ಟುಕೊಂಡವಳಿಗೆ ಜಾಗ ಕೊಟ್ಟು ಹೋದ ಎಂದು ಊರು ಹೇಳಿದ್ದನ್ನು ನಾನೂ ನಂಬಿದ್ದೆ. ಹಾಗಾಗಿ ಜಮೀನಿನ ಒಡೆಯರ ಹೆಸರಿರುವ ವರ್ಗದಾರರ ಅಂಕಣದಲ್ಲಿ ಹಾರ್ಟ್‌ಮನ್‌ನನ್ನು ಹುಡುಕಿದೆ. ಹೆಂಗಸರ ಹೆಸರು ಬಂದಲ್ಲೆಲ್ಲ ದಾಟಿ ಮುಂದೆ ಹೋದೆ. ಅಳಿಯಸಂತಾನದ ಮನೆಯಲ್ಲಿ ಹುಟ್ಟಿ, ತಾಯಿಯಿಂದ ಮಗಳಿಗೆ ಮನೆ ಬರುವುದನ್ನು ಕಣ್ಣಾರೆ ಕಂಡವಳು, ನಾನೇ ಗಂಡಸಿನ ಹೆಸರು ಹುಡುಕುತ್ತಿದ್ದೆ! ಇದು ತಲೆಗೆ ಹೊಳೆದ ದಿನ ಕಾಫಿ ಆರಿ ತಣ್ಣಗಾದದ್ದೂ ಗೊತ್ತಾಗಲಿಲ್ಲ. ಮೊದಲಿನಿಂದ ಮತ್ತೆ ಶುರು ಮಾಡಿದೆ.

ಸಿಕ್ಕಿತು. ೧೯೦೩ರ ಪುಸ್ತಕ, ಹೊಳೆಬದಿಯ ಜಾಗ. ವರ್ಗದಾರರ ಅಂಕಣದಲ್ಲಿ: ದೇಜು, ತಾಯಿಯಿಂದ ಬಂದದ್ದು. ಪಕ್ಕದ ಗೇಣಿಯ ಅಂಕಣದಲ್ಲಿ: ಎಮಿಲ್ ಹಾರ್ಟ್‌ಮನ್, ಜರ್ಮನಿಯವರು, ಚಾಲಗೇಣಿ.

ಚಾಲಗೇಣಿ, ಜಯಂತ! ಒಡತಿ ಬೇಡ ಎಂದರೆ ಎದ್ದು ಹೋಗಬೇಕಾದ ಗೇಣಿ. ದೊರೆ ಅವಳಿಗೆ ಜಾಗ ಕೊಟ್ಟದ್ದಲ್ಲ, ಅವಳ ಜಾಗದಲ್ಲಿ ದೊರೆ ನಿಂತದ್ದು. ಯುದ್ಧದಲ್ಲಿ ಜರ್ಮನರ ಆಸ್ತಿಯೆಲ್ಲ ಸರಕಾರದ ಪಾಲಾದಾಗ ನಮ್ಮ ಮನೆ ಉಳಿದದ್ದು ಇವಳ ಹೆಸರಿನ ಬಲದಿಂದ. ೧೯೩೪ರ ಪುಸ್ತಕದಲ್ಲಿ ಅದೇ ಜಾಗಕ್ಕೆ "ಸೇಸಮ್ಮ, ದೇಜುವಿನ ಮಗಳು" ಎಂದಿದೆ. ಅಲ್ಲಿ ಲಿಂಗಮ್ಮನ ಸುದ್ದಿಯೇ ಇಲ್ಲ. ದೇಜುವಿಗೂ ಹಾರ್ಟ್‌ಮನ್‌ಗೂ ಶಾಸ್ತ್ರದ ಮದುವೆ ಆಗಿತ್ತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ, ನಾನೂ ಕಟ್ಟಿ ಹೇಳುವುದಿಲ್ಲ. ಆಗದಿದ್ದರೂ ನನಗೆ ನಾಚಿಕೆಯಿಲ್ಲ. ಅವಳು ತಲೆ ತಗ್ಗಿಸಿ ಬದುಕಿದ ಗುರುತು ಆ ಪುಸ್ತಕಗಳಲ್ಲಿ ಒಂದೂ ಇಲ್ಲ, ಅವಳ ಹೆಸರಿನಲ್ಲಿ ನಾವು ಯಾಕೆ ತಗ್ಗಿಸಬೇಕು?

ಊರಿನ ಬಾಯಿಗೆ ನೀನು ಹೆದರುತ್ತೀಯ ಎಂದು ನನಗೆ ಗೊತ್ತು. ಕಲ್ಲು ಕೂರಿಸುವ ದಿನ ಹತ್ತೂರಿನವರು ಬಂದು ಓದುತ್ತಾರೆ. ಓದಲಿ. ನಗುವವರಿದ್ದರೆ ಎರಡೂ ಪುಸ್ತಕದ ಪಟ ದೊಡ್ಡದಾಗಿ ಅಚ್ಚುಹಾಕಿಸಿ ಅದೇ ಗೋಡೆಗೆ ತೂಗುಹಾಕು.

ಇನ್ನೊಂದು ವಿಷಯ. ಬೇರೆಯವರ ಬಾಯಿಂದ ಕೇಳಿ ನೀನು ಕುದಿಯುವುದಕ್ಕಿಂತ ನಾನೇ ಹೇಳುತ್ತೇನೆ. ಕಲ್ಲು ಕೆತ್ತುವ ರಮಾಕಾಂತನಿಗೆ ಮೊನ್ನೆ ಫೋನ್ ಮಾಡಿದೆ. "ಯಜಮಾನ್ತಿ ಬೇಡ ಅಂದ ಮೇಲೆ ನಾನು ಉಳಿ ಮುಟ್ಟುದಿಲ್ಲ ಅಮ್ಮ. ಕಲ್ಲು ಎಂತ, ಹಾಳಾಗುವ ವಸ್ತುವಾ?" ಎಂದ. ಕೆಲಸ ನಿಂತಿದೆ.

ಇನ್ನು ನಿನ್ನ ತೀರ್ಮಾನ. ಮೇಲೆ ದೇಜು, ಅವಳ ಪಕ್ಕದಲ್ಲಿ ಎಮಿಲ್ ಹಾರ್ಟ್‌ಮನ್, ಕೆಳಗೆ ಸೇಸಮ್ಮ. ಹೀಗೆ ಬರೆಸಿದರೆ ಅವತ್ತೇ ರುಜು ಕಳಿಸುತ್ತೇನೆ. ಲಿಂಗಮ್ಮನ ಮಗಳೆಂದೇ ಬರೆಸುವುದಾದರೆ ನನ್ನ ಹೆಸರು ತೆಗೆ. ಯಾಮಿನಿಯದೂ ಲಾಸ್ಯಾಳದೂ ತೆಗೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ನಿನ್ನ ಅಶ್ವತ್ಥ ಬಂಗಾರದಂಥವನು, ಆದರೆ ಮಕ್ಕಳು ತಾಯಿಯ ಮನೆಗೆ ಸೇರುವ ನಮ್ಮ ಕಟ್ಟಿನಲ್ಲಿ ಅವನು ನಿರುಪಮಾಳ ಮನೆಯ ಕಲ್ಲಿಗೆ ಸೇರಿದವನು. ಈ ಮನೆಗೆ ಮುಂದಿನ ಕೊಂಬೆಗಳು ನನ್ನ ಹೊಟ್ಟೆಯಿಂದ ಬಂದವೇ. ಅವನ್ನು ತೆಗೆದರೆ ನಿನ್ನ ಮರ ನಿನ್ನ ಹೆಸರಿನ ಹತ್ತಿರ ಮುಗಿಯುತ್ತದೆ. ಬೇಕಿದ್ದರೆ ಹಾಗೆಯೇ ಕೆತ್ತಿಸು. ಕೆಳಗಿನ ಅರ್ಧ ಕಲ್ಲು ಬೋಳಾಗಿ ಯಾಕಿದೆ ಎಂದು ಬಂದವರು ಕೇಳಿದಾಗ ಉತ್ತರ ಹೇಳುವವನೂ ನೀನೇ.

ಇಷ್ಟು ಬಿರುಸಾಗಿ ನಾನು ನಿನಗೆ ಎಂದೂ ಬರೆದಿಲ್ಲ. ಆದರೂ ಒಂದು ಸಾಲೂ ಹೊಡೆದುಹಾಕಿಲ್ಲ. ನಿನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದ ಅಕ್ಕ ನಾನು, ನಿನ್ನ ಮೇಲೆ ನನಗಿರುವುದು ಪ್ರೀತಿಯೇ. ದೈವಗಳು ನಿನಗೂ ನಿರುಪಮಾಳಿಗೂ ಉಸಿರು ಗಟ್ಟಿ ಕೊಡಲಿ, ಅಶ್ವತ್ಥನ ತಲೆ ಕಾಯಲಿ.

ಅಂಚೆ ಈಗ ಯಾವಾಗ ತಲುಪುತ್ತದೋ, ಯಾಮಿನಿ ಇದರ ಪಟ ತೆಗೆದು ಅಶ್ವತ್ಥನ ಮೊಬೈಲಿಗೆ ಹಾಕುತ್ತಾಳೆ. ನೀನೂ ಹಾಗೆಯೇ ಕಳಿಸು. ಆದರೆ ಫೋನ್ ಮಾಡಿ ಜೋರು ಮಾಡಬೇಡ, ಹೆಬ್ಬೆರಳಿನ ಚಿತ್ರ ಹಾಕಿ ತಪ್ಪಿಸಿಕೊಳ್ಳಬೇಡ. ಕಾಗದದ ಮೇಲೆ, ನಿನ್ನ ಕೈಬರಹದಲ್ಲಿ, ದೇಜುವಿನ ಹೆಸರು ಬರೆದು ಕಳಿಸು.

ನಿನ್ನ ಅಕ್ಕ,
ದೇಜುವಿನ ಮರಿಮಗಳು
ವಾರಿಜ

ಬೇಗ ಬರೆ.