ಹದಿನೇಳು ಹಲ್ಲಿನ ಎಲೆ

ಅಕ್ಕಾ,

ಬಂದು ಒಂಬತ್ತು ದಿನವಾಯಿತು. ನೆಗಡಿ ಬಿಟ್ಟರೆ ಆರಾಮಾಗಿದ್ದೇನೆ. ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ, ಡೈನೋಸಾರ್‌ಗಳ ಕೊನೆಗಾಲದ, ಕಲ್ಲಿನಲ್ಲಿ ಅಚ್ಚಾಗಿ ಉಳಿದ ಎಲೆಗಳ ನಡುವೆ ಕೂತು ಬರೆಯುತ್ತಿದ್ದೇನೆ. ನಾನು ಹೊಸ ಜಾತಿ ಎಂದು ಸಾರಲು ಹೊರಟ ಎಲೆಯ ಅಂಚಿನಲ್ಲಿ ಗರಗಸದ ಹಾಗೆ ಹದಿನೇಳು ಹಲ್ಲುಗಳಿವೆ. ಅದರ ಹೊಸತನವೆಲ್ಲ ಅಷ್ಟೇ. ಕಲ್ಲು ಸೀಳಿದಾಗ ಒಂದು ಹೋಳಿನಲ್ಲಿ ಎಲೆ, ಇನ್ನೊಂದರಲ್ಲಿ ಅದರದೇ ಅಚ್ಚು ಉಳಿಯುತ್ತದೆ. ಕಳೆದುಹೋಗಿದ್ದ ಆ ಇನ್ನೊಂದು ಹೋಳು ನಿನ್ನೆ ಸಿಕ್ಕಿತು. ಅಂಚು ನುಣ್ಣಗಿದೆ, ಒಂದು ಹಲ್ಲೂ ಇಲ್ಲ!

ಬಿಚ್ಚಿ ಮತ್ತೆ ಹಾಕಿದ ಹೊಲಿಗೆಯನ್ನು ನೀನು ಅಂಗಡಿ ಬಾಗಿಲಲ್ಲೇ ಗುರುತಿಸುತ್ತೀಯಲ್ಲ, ನನಗೂ ಹಾಗೇ ಅನುಮಾನ ಬಂತು, ಈ ಹಲ್ಲುಗಳನ್ನು ಯಾರೋ ಆಮೇಲೆ ಕೊರೆದಿದ್ದಾರೆ ಎಂದು. ಸೂಜಿಯಿಂದ ಕಲ್ಲು ಕೆರೆದು ಎಲೆ ಬಿಡಿಸುವ ಮುದುಕನೊಬ್ಬ ಇಲ್ಲಿದ್ದಾನೆ. ಅವನಿಗೆ ಸೂಜಿಯಜ್ಜ ಎಂದು ಹೆಸರಿಟ್ಟಿದ್ದೇನೆ. ಕಾಫಿಗೆ ಏಳುವಾಗಲೂ ಮೇಜಿಗೆ ಬೀಗ ಹಾಕುವ ಆಸಾಮಿ. ಹಲ್ಲು ಕೊರೆದವನು ಇವನೇ ಇರಬೇಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎಂದುಕೊಂಡು ಇವತ್ತು ಕೇಳಿಯೇಬಿಟ್ಟೆ.

"ಈ ಅಂಚು ಬಿಡಿಸಿದ್ದು ಯಾರು?"

ಅವನು ಹೆಗಲು ಮುಟ್ಟಿಕೊಳ್ಳಲಿಲ್ಲ. ಬೀಗ ತೆಗೆದು ಒಂದು ಪುಸ್ತಕ ಮುಂದಿಟ್ಟ. ಯಾವ ಕಲ್ಲಿಗೆ ಯಾರು ಸೂಜಿ ಹಾಕಿದರೂ ಅದರಲ್ಲಿ ಸಹಿ ಮಾಡಬೇಕು.

"ನೀವೇ ನೋಡ್ಕೊಳ್ಳಿ. ಮೊದಲನೇ ದಿನ ಕೈ ಕುದುರಲಿ ಅಂತ ಹತ್ತು ಕಲ್ಲು ತಗೊಂಡ್ರಲ್ಲ, ಅದರಲ್ಲಿ ಇದೂ ಒಂದು. ಇಲ್ಲಿ ಹಲ್ಲು ಇರ್ಲೇಬೇಕು ಅಂತ ಹಟ ಹಿಡಿದು ಕೂತಿದ್ರಿ."

ಸಹಿ ನನ್ನದೇ.

ಎಲೆಗೆ ಅಮ್ಮನ ಹೆಸರಿಡುತ್ತೇನೆ ಎಂದಿದ್ದೆನಲ್ಲ, ಅವಳಿಗೆ ಇನ್ನೂ ಹೇಳಿಲ್ಲ ತಾನೇ? ಹೇಳಬೇಡ.

ನಿನ್ನ ತಂಗಿ